ಚಳವಳಿ ನಿಂತ ದಿನ ಯಾವುದು? ಕರನಿರಾಕರಣೆ, ಲಿಲಾವು ಮತ್ತು ಜಮೀನಿನ ಖಾತೆ (1918–1940)

ಅಸಹಕಾರ ಚಳವಳಿ 1922ರ ಫೆಬ್ರವರಿ 12ರಂದು ನಿಂತಿತು. ಕಾನೂನುಭಂಗ ಚಳವಳಿ ಮೊದಲ ಸಲ 1931ರ ಮಾರ್ಚ್ 5ರಂದು, ಎರಡನೆಯ ಸಲ 1934ರ ಏಪ್ರಿಲ್ 7ರಂದು ನಿಂತಿತು. ಪಠ್ಯಪುಸ್ತಕಗಳಲ್ಲಿ ಈ ಮೂರು ತಾರೀಖುಗಳ ಪಕ್ಕದಲ್ಲಿ ಕಾರಣಗಳೂ ಇರುತ್ತವೆ: ಚೌರಿಚೌರಾದ ಹಿಂಸೆ, ಗಾಂಧಿ–ಇರ್ವಿನ್ ಒಪ್ಪಂದ, ಜನರ ದಣಿವು. ಆದರೆ ಇವೆಲ್ಲ ನಿರ್ಣಯಗಳ, ಹೇಳಿಕೆಗಳ ತಾರೀಖುಗಳು. ಆ ದಿನ ಬಾರ್ಡೋಲಿಯ ಪಾಟೀದಾರನ ಮನೆಯಲ್ಲಿ, ಗುಂಟೂರಿನ ರೈತನ ಮನೆಯಲ್ಲಿ, ಸಿದ್ದಾಪುರದ ತೋಟಿಗನ ಮನೆಯಲ್ಲಿ ಏನು ನಿಂತಿತು, ಏನು ನಿಲ್ಲಲಿಲ್ಲ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ಕೂತವನಿಗೆ ಚಳವಳಿಯ ಕೊನೆ ಗೊತ್ತಾಗುತ್ತಿದ್ದದ್ದು ಜಮೀನಿನ ಖಾತೆಯಲ್ಲಿ ಯಾರ ಹೆಸರಿದೆ ಎಂಬುದರಿಂದ. ಆ ಖಾತೆಯ ಕಡೆಯಿಂದ ನೋಡಿದಾಗ ಈ ಚಳವಳಿಗಳ ಕೊನೆ ಹೇಗೆ ಕಾಣುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ರಾಜ್ಯಶಾಸ್ತ್ರದ ಇತ್ತೀಚಿನ ಅಧ್ಯಯನಗಳಿಗೂ ತಾರೀಖಿನ ತೊಡಕು ತಪ್ಪಿಲ್ಲ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 2011ರಲ್ಲಿ ಪ್ರಕಟಿಸಿದ ಗ್ರಂಥ 1900ರಿಂದ 2006ರವರೆಗಿನ 323 ಹೋರಾಟಗಳನ್ನು ಪರಿಶೀಲಿಸಿ, ಅಹಿಂಸಾತ್ಮಕ ಹೋರಾಟಗಳಲ್ಲಿ ಶೇಕಡ 53 ಗೆದ್ದವು, ಸಶಸ್ತ್ರ ಹೋರಾಟಗಳಲ್ಲಿ ಗೆದ್ದವು ಶೇಕಡ 26 ಮಾತ್ರ ಎಂದು ತೋರಿಸಿತು. ಉಪಯುಕ್ತ ಕೆಲಸ. ಆದರೆ ಇಂಥ ಪಟ್ಟಿಯಲ್ಲಿ ಪ್ರತಿ ಹೋರಾಟಕ್ಕೂ ಒಂದು ಆರಂಭದ ವರ್ಷ, ಒಂದು ಮುಕ್ತಾಯದ ವರ್ಷ, ಒಂದು ಫಲಿತಾಂಶ ಬರೆಯಲೇಬೇಕು. ಬಾರ್ಡೋಲಿ, ಅಂಕೋಲಾ, ಮಿಡ್ನಾಪುರ ಒಂದೇ ಸಾಲಿನಲ್ಲಿ ಅಡಗಿಬಿಡುತ್ತವೆ. ಒಂದೇ ರಾಷ್ಟ್ರೀಯ ಚಳವಳಿಯೊಳಗೆ ಒಂದು ತಾಲೂಕು ಆರು ತಿಂಗಳಲ್ಲಿ ಗೆದ್ದಿತು, ಇನ್ನೊಂದು ತಾಲೂಕು ಏಳೆಂಟು ವರ್ಷ ಜಮೀನಿಲ್ಲದೆ ಕಾಯಿತು. ಆ ವ್ಯತ್ಯಾಸ ಯಾಕೆ ಬಂತು ಎಂಬ ಪ್ರಶ್ನೆಗೆ ಸರಾಸರಿಯಲ್ಲಿ ಉತ್ತರವಿಲ್ಲ.

ಮೊದಲು ವಸೂಲಿಯ ಯಂತ್ರ ಹೇಗೆ ನಡೆಯುತ್ತಿತ್ತು ಎಂಬುದನ್ನು ನೋಡಬೇಕು. ಮುಂಬಯಿ ಪ್ರಾಂತ ಮತ್ತು ಮದರಾಸಿನ ಹೆಚ್ಚಿನ ಭಾಗ ರೈತವಾರಿ ಪದ್ಧತಿಯವು. ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದ, ನಡುವೆ ಜಮೀನುದಾರನಿಲ್ಲ. ಆದ್ದರಿಂದ ಅವನ ಅಸಹಕಾರ ನೇರವಾಗಿ ಸರ್ಕಾರದ ಬೊಕ್ಕಸಕ್ಕೆ ತಾಗುತ್ತಿತ್ತು. ಬಂಗಾಳ, ಬಿಹಾರದಲ್ಲಿ ಕಂದಾಯ ನಿಲ್ಲಿಸಬೇಕೆಂದರೆ ಮೊದಲು ಜಮೀನುದಾರನಿಗೆ ಕೊಡುವ ಗೇಣಿ ನಿಲ್ಲಬೇಕು. ಆಗ ಜಗಳ ಸರ್ಕಾರಕ್ಕಿಂತ ಮುಂಚೆ ಊರಿನ ಒಡೆಯನ ಜೊತೆ ಶುರುವಾಗುತ್ತದೆ. ಕಾಂಗ್ರೆಸ್ ಇದನ್ನು ಯಾವತ್ತೂ ಮರೆಯಲಿಲ್ಲ.

ಮುಂಬಯಿ ಪ್ರಾಂತದಲ್ಲಿ 1879ರ ಕಂದಾಯ ಸಂಹಿತೆ ಮಾಮಲೇದಾರನ ಕೈಗೆ ಒಂದರ ಮೇಲೊಂದು ಅಸ್ತ್ರ ಕೊಟ್ಟಿತ್ತು. ಕಿಸ್ತು ತಪ್ಪಿದರೆ ನೋಟೀಸು. ಆಮೇಲೆ ಬಾಕಿಯ ಕಾಲು ಭಾಗದಷ್ಟು ಚೌಥಾಯಿ ದಂಡ. ಆಮೇಲೆ ದನಕರು, ಪಾತ್ರೆ, ಧಾನ್ಯದ ಜಪ್ತಿ. ಕೊನೆಗೆ ಜಮೀನಿನ ಹಕ್ಕೇ ಸರ್ಕಾರಕ್ಕೆ ಮುಟ್ಟುಗೋಲು. ಕೆಲವು ರೂಪಾಯಿಗಳ ಬಾಕಿಗೆ ಅದರ ಎಷ್ಟೋ ಪಟ್ಟು ಬೆಲೆಯ ಹೊಲ ಹೋಗುತ್ತಿತ್ತು. ಮೇಲ್ನೋಟಕ್ಕೆ ಇದರ ಮುಂದೆ ರೈತ ನಿಲ್ಲುವುದೇ ಅಸಾಧ್ಯ. ಆದರೆ ಯಂತ್ರಕ್ಕೆ ಒಂದು ದುರ್ಬಲ ಸಂದು ಇತ್ತು: ಜಪ್ತಿಯಾದ ಎಮ್ಮೆಯನ್ನು, ಮುಟ್ಟುಗೋಲಾದ ಹೊಲವನ್ನು ಯಾರಾದರೂ ಕೊಳ್ಳಬೇಕು. ಉಳುವವನಿಲ್ಲದ ಹೊಲ ಸರ್ಕಾರದ ಲೆಕ್ಕದಲ್ಲಿ ಆಸ್ತಿಯಲ್ಲ, ಇನ್ನೊಂದು ಬಾಕಿ. ಹಾಗಾಗಿ ಕರನಿರಾಕರಣೆ ಎಷ್ಟು ದಿನ ನಿಲ್ಲುತ್ತದೆ ಎಂಬುದು ಲಿಲಾವಿನಲ್ಲಿ ಸವಾಲು ಕೂಗುವವನು ಬರುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು. ಈ ಟಿಪ್ಪಣಿಯ ಮುಖ್ಯ ವಾದ ಇದೇ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1918ರ ಮಾರ್ಚ್ 22ರಂದು ಆರಂಭವಾದ ಸತ್ಯಾಗ್ರಹದಲ್ಲಿ ಈ ಸಂದು ಇನ್ನೂ ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿಯ ಜಗಳ ಆಣೆವಾರಿಯದು. ಬೆಳೆ ರೂಪಾಯಿಗೆ ನಾಲ್ಕು ಆಣೆಗಿಂತ ಕಡಿಮೆ ಬಂದರೆ ಕಂದಾಯ ಮುಂದೂಡಬೇಕು ಎಂಬುದು ನಿಯಮ. ನಾಲ್ಕಾಣೆಗಿಂತ ಹೆಚ್ಚೇ ಬಂದಿದೆ ಎಂಬುದು ಅಧಿಕಾರಿಗಳ ಲೆಕ್ಕ, ಇಲ್ಲ ಎಂಬುದು ರೈತರ ಲೆಕ್ಕ. ಪ್ರತಿಜ್ಞೆಯಲ್ಲಿ ಒಂದು ಜಾಣ್ಮೆ ಇತ್ತು. ಕೊಡಲು ಶಕ್ತಿಯಿದ್ದವರೂ ಕೊಡುವುದಿಲ್ಲ ಎಂದರು, ಏಕೆಂದರೆ ಉಳ್ಳವರು ಕಟ್ಟಿಬಿಟ್ಟರೆ ಬಡವರು ಹೆದರಿ ದನ ಮಾರಿಯೋ ಸಾಲ ಮಾಡಿಯೋ ಕಟ್ಟುತ್ತಾರೆ. ಮೋಹನಲಾಲ ಪಂಡ್ಯ ಜಪ್ತಿಯಾದ ಹೊಲದಿಂದ ಈರುಳ್ಳಿ ಕಿತ್ತು ಜೈಲಿಗೆ ಹೋಗಿ ‘ಈರುಳ್ಳಿ ಕಳ್ಳ’ ಎಂಬ ಬಿರುದು ಗಳಿಸಿದ್ದು ಇಲ್ಲೇ. ಜೂನ್ ಮೊದಲ ವಾರದಲ್ಲಿ ಮಾಮಲೇದಾರನೊಬ್ಬ ಶಕ್ತಿಯಿದ್ದವರು ಕಟ್ಟಲಿ, ಬಡವರ ಕಂದಾಯ ಮುಂದೂಡುತ್ತೇವೆ ಎಂದ. ಸರ್ಕಾರದ ಆ ತೀರ್ಮಾನ ಏಪ್ರಿಲಿನಲ್ಲೇ ಆಗಿತ್ತು, ರೈತರಿಗೆ ಯಾರೂ ತಿಳಿಸಿರಲಿಲ್ಲ. ಗಾಂಧೀಜಿ ಚಳವಳಿ ಮುಗಿಸಿದರು. ಆದರೆ ಈ ಮುಕ್ತಾಯ ಸೊಗಸಾಗಿರಲಿಲ್ಲವೆಂಬ ಅಸಮಾಧಾನವನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಗೆದ್ದವರು ಯಾರು ಎಂದು ಹೇಳಲಾಗದ ಕೊನೆ ಅದು.

1922ಕ್ಕೆ ಬರೋಣ. ಜನವರಿ 29ರಂದು ಬಾರ್ಡೋಲಿ ತಾಲೂಕಿನ ಸಮ್ಮೇಳನ ಕರನಿರಾಕರಣೆಗೆ ಸಿದ್ಧವೆಂದು ಸಾರಿತು. ಫೆಬ್ರವರಿ 1ರಂದು ಗಾಂಧೀಜಿ ವೈಸರಾಯ್ ರೀಡಿಂಗ್‌ಗೆ ಪತ್ರ ಬರೆದು ಏಳು ದಿನಗಳ ಗಡುವು ಕೊಟ್ಟರು. ಫೆಬ್ರವರಿ 4ರಂದು ಗೋರಖಪುರ ಜಿಲ್ಲೆಯ ಚೌರಿಚೌರಾದಲ್ಲಿ ಠಾಣೆಗೆ ಬೆಂಕಿ ಬಿದ್ದು 20ಕ್ಕೂ ಹೆಚ್ಚು ಪೊಲೀಸರು ಸತ್ತರು. 11 ಮತ್ತು 12ರಂದು ಬಾರ್ಡೋಲಿಯಲ್ಲೇ ಸೇರಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಸಾಮೂಹಿಕ ಕಾನೂನುಭಂಗವನ್ನು ಕೈಬಿಟ್ಟಿತು. ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನ ಓದುವುದು ನಿರ್ಣಯದ ಒಳಗಿನ ಕಲಮುಗಳನ್ನು. ಹಿಂಸೆಯನ್ನು ಖಂಡಿಸಿದ ಕೂಡಲೇ ನಿರ್ಣಯ ಹೇಳಿದ್ದು, ರೈತರು ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯ ಮತ್ತಿತರ ತೆರಿಗೆ ಕಟ್ಟುವಂತೆ ಸ್ಥಳೀಯ ಸಮಿತಿಗಳು ತಿಳಿಹೇಳಬೇಕು ಎಂದು. ಇನ್ನೂ ಕೆಳಗೆ, ಜಮೀನುದಾರರಿಗೆ ಗೇಣಿ ತಡೆಹಿಡಿಯುವುದು ಕಾಂಗ್ರೆಸ್ಸಿನ ನಿರ್ಣಯಗಳಿಗೆ ವಿರುದ್ಧ, ಅವರ ಕಾನೂನುಬದ್ಧ ಹಕ್ಕುಗಳ ಮೇಲೆ ದಾಳಿ ಮಾಡುವ ಉದ್ದೇಶ ನಮಗಿಲ್ಲ ಎಂಬ ಭರವಸೆ.

ರಜನಿ ಪಾಮೆ ದತ್ತ್ 1940ರಲ್ಲಿ ಈ ಕಲಮುಗಳನ್ನೇ ಎತ್ತಿ ತೋರಿಸಿ, ಕಾರಣ ಹಿಂಸೆಯಲ್ಲ, ಆಸ್ತಿವಂತರ ಭಯ ಎಂದು ವಾದಿಸಿದರು. ಆ ವಾದದಲ್ಲಿ ಹುರುಳಿದೆ. ಪೊಲೀಸರನ್ನು ಕೊಂದದ್ದು ಕಾರಣವಾದರೆ ಗೇಣಿಯ ಮಾತು ನಿರ್ಣಯದೊಳಗೆ ಯಾಕೆ ಬರಬೇಕು? ಆದರೂ ನಾನು ಅಲ್ಲಿಯವರೆಗೆ ಹೋಗಲಾರೆ. ಗೇಣಿಯ ಕಲಮು ಜಮೀನುದಾರಿ ಇದ್ದ ಸಂಯುಕ್ತ ಪ್ರಾಂತಕ್ಕೆ ಉತ್ತರ. ಕಂದಾಯದ ಕಲಮು ಗುಂಟೂರಿಗೆ, ಬಾರ್ಡೋಲಿಗೆ ಉತ್ತರ. ಎರಡೂ ಒಂದೇ ಭಯದಿಂದ ಹುಟ್ಟಿದವಲ್ಲ.

ಏಕೆಂದರೆ ಬಾರ್ಡೋಲಿಯಲ್ಲಿ ಆಗ ನಿಂತದ್ದೇನು? ಕರನಿರಾಕರಣೆ ಅಲ್ಲಿ ಶುರುವೇ ಆಗಿರಲಿಲ್ಲ. ಲಿಲಾವಿನ ಹಂತ ಬರಲೇ ಇಲ್ಲ. ನಿಜವಾಗಿ ನಡೆಯುತ್ತಿದ್ದದ್ದು ಗುಂಟೂರು ಜಿಲ್ಲೆಯ ಪೆದನಂದಿಪಾಡು ಭಾಗದಲ್ಲಿ. ಪರ್ವತನೇನಿ ವೀರಯ್ಯ ಚೌಧರಿಯವರ ನೇತೃತ್ವದಲ್ಲಿ ಊರುಗಳು ಕಂದಾಯ ತಡೆಹಿಡಿದಿದ್ದವು, ಗ್ರಾಮಾಧಿಕಾರಿಗಳು ರಾಜೀನಾಮೆ ಕೊಟ್ಟಿದ್ದರು, ಸರ್ಕಾರ ಸೈನ್ಯ ತಂದು ನಿಲ್ಲಿಸಿತ್ತು. ಗಾಂಧೀಜಿ ಜನವರಿಯಲ್ಲೇ ಅಲ್ಲಿಯ ಕಾಂಗ್ರೆಸ್ ನಾಯಕ ಕೊಂಡಾ ವೆಂಕಟಪ್ಪಯ್ಯನವರಿಗೆ ಬರೆದು, ಸಿದ್ಧತೆಯ ಷರತ್ತುಗಳು ಪೂರೈಸದಿದ್ದರೆ ಕಂದಾಯ ಕಟ್ಟಿಬಿಡಿ ಎಂದಿದ್ದರು. ಫೆಬ್ರವರಿಯಲ್ಲಿ ಅಲ್ಲಿಯವರು ಕಟ್ಟಿದರು. ಅದೇ ಜಿಲ್ಲೆಯ ಪಲ್ನಾಡಿನಲ್ಲಿ ಹುಲ್ಲುಗಾವಲು ತೆರಿಗೆಯ ವಿರುದ್ಧದ ಜಗಳ ಮಾತ್ರ ಬಾರ್ಡೋಲಿಯ ನಿರ್ಣಯಕ್ಕೆ ಕಿವಿಗೊಡಲಿಲ್ಲ. ನಿರ್ಣಯವಾದ ಮೇಲೆ, ಅದೇ ತಿಂಗಳಲ್ಲಿ, ಆ ಜಗಳದ ಮುಂದಾಳು ಕನ್ನೆಗಂಟಿ ಹನುಮಂತು ಗುಂಡಿಗೆ ಬಲಿಯಾದರು.

ಚೌರಿಚೌರಾಗೂ ಕೊನೆ ಬೇಗ ಬರಲಿಲ್ಲ. ಸೆಷನ್ಸ್ ನ್ಯಾಯಾಲಯ 172 ಜನರಿಗೆ ಗಲ್ಲು ವಿಧಿಸಿತು; ಅಲಹಾಬಾದ್ ಹೈಕೋರ್ಟು 19 ಜನರ ಗಲ್ಲನ್ನು ಎತ್ತಿಹಿಡಿಯಿತು. ಶಾಹಿದ್ ಅಮೀನ್ ಅವರ ಅಧ್ಯಯನ ಬರುವವರೆಗೂ ಆ ಊರಿನ ಹೆಸರು ಒಂದು ನಿರ್ಣಯದ ಕಾರಣವಾಗಿ ಮಾತ್ರ ಬಳಕೆಯಲ್ಲಿತ್ತು. ಅಲ್ಲಿಯ ಜನ ಯಾರು, ಮಾರುಕಟ್ಟೆಯಲ್ಲಿ ಏನು ಜಗಳವಾಗಿತ್ತು ಎಂದು ಕೇಳಿದವರು ಕಡಿಮೆ.

ಬಾರ್ಡೋಲಿ ಮಾತ್ರ ಅಖಂಡವಾಗಿ ಉಳಿಯಿತು. ಮುಂದಿನ ಆರು ವರ್ಷ ಅಲ್ಲಿ ಆಶ್ರಮಗಳು, ನೂಲುವ ಕೇಂದ್ರಗಳು, ಕಾರ್ಯಕರ್ತರು ನೆಲೆಯೂರಿದರು. ಕಂದಾಯ ಪರಿಷ್ಕರಣೆಯಾಗಿ ಏರಿಕೆ ಮೊದಲು ಶೇಕಡ 30 ಎಂದಿದ್ದದ್ದು ಶೇಕಡ 22ಕ್ಕೆ ಬಂದು ನಿಂತಿತು. ಮೊದಲ ಕಿಸ್ತಿನ ಗಡುವು 1928ರ ಫೆಬ್ರವರಿ 5. ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ಪ್ರತಿಜ್ಞೆಯಾದದ್ದು ಫೆಬ್ರವರಿ 12. ಆರು ವರ್ಷದ ಹಿಂದೆ ಇದೇ ಊರಿನಲ್ಲಿ ಚಳವಳಿ ಕೈಬಿಟ್ಟ ತಾರೀಖೂ ಅದೇ. ಕಾಕತಾಳೀಯ ಎನ್ನಬಹುದು, ಪೂರ್ತಿ ಕಾಕತಾಳೀಯವೂ ಅಲ್ಲ: ಫೆಬ್ರವರಿ ಕಿಸ್ತಿನ ತಿಂಗಳು, ಕಂದಾಯದ ಜಗಳಕ್ಕೆ ಅದರದೇ ಪಂಚಾಂಗವಿದೆ.

1928ರ ಹೋರಾಟ ನಿಂತದ್ದು ಬಹಿಷ್ಕಾರದ ಮೇಲೆ. ಜಪ್ತಿದಾರರು ಬರುವ ಸುದ್ದಿ ತಿಳಿದರೆ ಊರು ಬೀಗ ಹಾಕಿಕೊಳ್ಳುತ್ತಿತ್ತು. ಜನ ಮತ್ತು ಎಮ್ಮೆ ಒಂದೇ ಕತ್ತಲ ಮನೆಯಲ್ಲಿ ದಿನಗಟ್ಟಲೆ. ಸರ್ಕಾರ ಜಪ್ತಿಗೆ ಪಠಾಣರನ್ನು ಕರೆಸಿತು. ಹಿಡಿದ ಎಮ್ಮೆಗಳನ್ನು ಊರಿನವರು ಯಾರೂ ಕೊಳ್ಳಲಿಲ್ಲ. ವಾಲೋಡಿನ ಇಬ್ಬರು ವಾಣಿಯರು ಜಪ್ತಿಯ ನೆಪದಲ್ಲಿ ಅಧಿಕಾರಿಗಳ ಕೈಗೆ ಹಣ ಸಿಗುವಂತೆ ಮಾಡಿದ ಸಂಗತಿಯನ್ನು ಮಹಾದೇವ ದೇಸಾಯಿ ದಾಖಲಿಸಿದ್ದಾರೆ. ಊರು ಅವರನ್ನು ಬಿಡಲಿಲ್ಲ. ಇಂಥ ಬಹಿಷ್ಕಾರದಲ್ಲಿ ಬಲಾತ್ಕಾರ ಇರಲಿಲ್ಲ ಎಂದು ಹೇಳುವುದು ಭಕ್ತಿಯ ಮಾತಾದೀತು. ಜಾತಿ ಪಂಚಾಯಿತಿಯ ದಂಡ, ಹೊರಹಾಕುವ ಬೆದರಿಕೆ ಎಲ್ಲ ಇದ್ದವು. ಅಹಿಂಸೆ ಎಂದರೆ ಒತ್ತಡವಿಲ್ಲದಿರುವುದು ಎಂದು ಸತ್ಯಾಗ್ರಹಿಗಳೂ ಭಾವಿಸಿರಲಿಲ್ಲ. ಒತ್ತಡ ಸರ್ಕಾರದ ಕಡೆಗಿಂತ ಹೆಚ್ಚಾಗಿ ಪಕ್ಕದ ಮನೆಯ ಕಡೆಗೆ ತಿರುಗಿತ್ತು ಎಂಬುದನ್ನು ನಾವು ಗಮನಿಸಬೇಕು.

ಜಮೀನಿಗೆ ಹೊರಗಿನ ಕೆಲವರು ಸವಾಲು ಕೂಗಿದರು, ಆದರೆ ಹೊಲಕ್ಕೆ ಇಳಿಯಲು ಕೂಲಿಯವರು ಸಿಗದಂಥ ವಾತಾವರಣ. ಆಗಸ್ಟ್ 6ರಂದು ಒಪ್ಪಂದವಾಯಿತು. ಹೆಚ್ಚಳದ ಮೊತ್ತವನ್ನು ಮೂರನೆಯವರು ಕಟ್ಟಿ ಸರ್ಕಾರದ ಮಾನ ಉಳಿಸಿದರು. ಜಮೀನು ಮರಳಿತು, ರಾಜೀನಾಮೆ ಕೊಟ್ಟ ಪಟೇಲರು, ತಲಾಠಿಗಳು ಮತ್ತೆ ಕೆಲಸಕ್ಕೆ ಬಂದರು. ವಿಚಾರಣಾ ಸಮಿತಿ ಏರಿಕೆಯನ್ನು ಶೇಕಡ 6ರ ಆಸುಪಾಸಿಗೆ ಇಳಿಸಿತು. ಆ ಸಮಿತಿಯ ಬ್ರೂಮ್‌ಫೀಲ್ಡ್, 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟ ಅದೇ ನ್ಯಾಯಾಧೀಶ.

ಬಾರ್ಡೋಲಿಯಿಂದ ಪಾಠ ಕಲಿತವರು ಸತ್ಯಾಗ್ರಹಿಗಳಷ್ಟೇ ಅಲ್ಲ. ದಂಡಿಯಲ್ಲಿ ಉಪ್ಪು ಎತ್ತಿ ಎರಡು ತಿಂಗಳಾಗುವ ಮೊದಲೇ, 1930ರ ಮೇ ಕೊನೆಯಲ್ಲಿ, ವೈಸರಾಯ್ ಎರಡು ಸುಗ್ರೀವಾಜ್ಞೆಗಳನ್ನು ಒಟ್ಟಿಗೆ ಹೊರಡಿಸಿದ. ಒಂದು, ಕಂದಾಯ ಕೊಡಬೇಡಿ ಎಂದು ಪ್ರಚೋದಿಸುವವರ ವಿರುದ್ಧ. ಇನ್ನೊಂದು, ಪಿಕೆಟಿಂಗ್ ಮತ್ತು ಸರ್ಕಾರಿ ನೌಕರರಿಗೆ ಹಾಕುವ ಬಹಿಷ್ಕಾರದ ವಿರುದ್ಧ. 1932ರ ಜನವರಿ 4ರಂದು, ಅಂದರೆ ಗಾಂಧೀಜಿಯನ್ನು ಬಂಧಿಸಿದ ದಿನವೇ, ಬಂದ ನಾಲ್ಕು ಸುಗ್ರೀವಾಜ್ಞೆಗಳಲ್ಲಿ ಒಂದರ ಹೆಸರಿನಲ್ಲೇ ಕಿರುಕುಳ ಮತ್ತು ಬಹಿಷ್ಕಾರ ಎಂಬ ಪದಗಳಿದ್ದವು. ಚಳವಳಿಯ ಬೆನ್ನೆಲುಬು ಎಲ್ಲಿದೆ ಎಂಬುದನ್ನು ಗೃಹ ಇಲಾಖೆ ಸರಿಯಾಗಿಯೇ ಗುರುತಿಸಿತ್ತು. ಭಾಷಣಕಾರನನ್ನು ಜೈಲಿಗೆ ಹಾಕುವುದಕ್ಕಿಂತ ಲಿಲಾವಿನಲ್ಲಿ ಕೊಂಡವನಿಗೆ ರಕ್ಷಣೆ ಕೊಡುವುದು ಹೆಚ್ಚು ಫಲ ಕೊಡುತ್ತದೆ. ಡಿ.ಎ. ಲೋ ಈ ಕಾಲದ ಸರ್ಕಾರಿ ನೀತಿಯನ್ನು ನಾಗರಿಕ ವೇಷದ ಸೈನಿಕ ಆಡಳಿತ ಎಂಬರ್ಥದಲ್ಲಿ ಕರೆದದ್ದು ಒಪ್ಪತಕ್ಕದ್ದೇ. ಆದರೆ ಗ್ರಾಮ ಮಟ್ಟದಲ್ಲಿ ಅದು ಲಾಠಿಯಷ್ಟೇ ನೋಂದಣಿ ಪುಸ್ತಕದಿಂದಲೂ ನಡೆಯಿತು.

1931ರ ಗಾಂಧಿ–ಇರ್ವಿನ್ ಒಪ್ಪಂದವನ್ನು ಈ ದೃಷ್ಟಿಯಿಂದ ಓದಬೇಕು. ಕೈದಿಗಳ ಬಿಡುಗಡೆ, ಕರಾವಳಿಯ ಜನ ಮನೆಬಳಕೆಗೆ ಉಪ್ಪು ಮಾಡಿಕೊಳ್ಳುವ ಅನುಮತಿ, ಪೊಲೀಸ್ ದೌರ್ಜನ್ಯದ ವಿಚಾರಣೆಯ ಬೇಡಿಕೆ ಕೈಬಿಟ್ಟದ್ದು ಇವು ಚರ್ಚೆಯಾಗುತ್ತಲೇ ಇರುತ್ತವೆ. ಸುಮಿತ್ ಸರ್ಕಾರ್ 1976ರ ಪ್ರಸಿದ್ಧ ಪ್ರಬಂಧದಲ್ಲಿ, ವ್ಯಾಪಾರಿ ವರ್ಗದ ಒತ್ತಡ ಮತ್ತು ಹಳ್ಳಿಗಳಲ್ಲಿ ಕೈಮೀರುತ್ತಿದ್ದ ಬಂಡಾಯದ ಭಯ ಈ ಸಂಧಾನಕ್ಕೆ ದಾರಿ ಮಾಡಿತು ಎಂದು ತೋರಿಸಿದರು. ಬಿಪನ್ ಚಂದ್ರ ಇದನ್ನು ಒಪ್ಪದೆ, ಹೋರಾಟ–ವಿರಾಮ–ಹೋರಾಟ ಎಂಬುದೇ ಉದ್ದಕ್ಕೂ ಇದ್ದ ತಂತ್ರ ಎಂದರು. ಇಬ್ಬರೂ ಮೇಲಿನಿಂದ ನೋಡುತ್ತಿದ್ದಾರೆ. ರೈತನಿಗೆ ಸಂಬಂಧಿಸಿದ ಭಾಗ ಒಪ್ಪಂದದ ಜಮೀನಿನ ಕಲಮು. ಸರ್ಕಾರದ ಕೈಯಲ್ಲಿ ಉಳಿದಿರುವ ಜಮೀನು ಮರಳುತ್ತದೆ. ಮೂರನೆಯವರಿಗೆ ಮಾರಿ ಆಗಿದ್ದರೆ, ಸರ್ಕಾರದ ಮಟ್ಟಿಗೆ ಆ ವ್ಯವಹಾರ ಮುಗಿದ ಮಾತು. ಈ ಮಾರಾಟಗಳಲ್ಲಿ ಕೆಲವಾದರೂ ಕಾನೂನಿಗೆ, ನ್ಯಾಯಕ್ಕೆ ಸಲ್ಲದವು ಎಂಬ ಗಾಂಧೀಜಿಯ ಆಕ್ಷೇಪವನ್ನೂ, ಅದನ್ನು ಸರ್ಕಾರ ಒಪ್ಪುವುದಿಲ್ಲ ಎಂಬುದನ್ನೂ ಒಪ್ಪಂದದ ಒಡಲಲ್ಲೇ ಬರೆದುಕೊಂಡರು. ಸಹಿ ಹಾಕುವಾಗಲೇ ಇಬ್ಬರೂ ಭಿನ್ನಾಭಿಪ್ರಾಯ ದಾಖಲಿಸಿದ ಕಲಮು ಅದು. ರಾಷ್ಟ್ರದ ಮಟ್ಟದಲ್ಲಿ ಕದನವಿರಾಮ. ಹೊಲ ಮಾರಿಹೋದವನಿಗೆ ಸೋಲು. ಅದೇ ವರ್ಷ ಬಾರ್ಡೋಲಿಯಲ್ಲಿ ಬಲವಂತದ ವಸೂಲಿಯ ದೂರಿನ ಮೇಲೆ ಗಾರ್ಡನ್ ಎಂಬ ಅಧಿಕಾರಿ ವಿಚಾರಣೆ ನಡೆಸಿದ. ಸರ್ಕಾರಿ ಕಾಗದಪತ್ರಗಳನ್ನು ನೋಡಲು ಬಿಡದ ಕಾರಣ ವಲ್ಲಭಭಾಯಿ ನವೆಂಬರಿನಲ್ಲಿ ಹೊರನಡೆದರು.

ಇನ್ನು ಉತ್ತರ ಕನ್ನಡ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದದ್ದು ಪ್ರಸಿದ್ಧ. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಕರನಿರಾಕರಣೆಯಿಂದ. ಅಂಕೋಲಾ, ಸಿದ್ದಾಪುರ, ಧಾರವಾಡ ಜಿಲ್ಲೆಯ ಹಿರೇಕೆರೂರು: ಈ ಮೂರು ತಾಲೂಕುಗಳು ಕರ್ನಾಟಕದ ಕಣ. ರಂಗನಾಥ ದಿವಾಕರರಂಥವರು ಹೊರಗಿನಿಂದ ಸಂಘಟನೆ ಒದಗಿಸಿದರೂ ಒಳಗಿನ ಸಮಾಜವೇ ಹೊರೆ ಹೊತ್ತಿತು: ಅಂಕೋಲೆಯಲ್ಲಿ ಭತ್ತ ಬೆಳೆಯುವ ನಾಡವರು, ಸಿದ್ದಾಪುರದಲ್ಲಿ ಅಡಿಕೆ ತೋಟದ ಹವ್ಯಕರು. ಕಾಲ ಮಹಾಕುಸಿತದ್ದು. ಅಡಿಕೆ, ಭತ್ತದ ಧಾರಣೆ ಬಿದ್ದುಹೋಗಿ ಕಂದಾಯ ಮಾತ್ರ ಹಳೆಯ ದರದಲ್ಲೇ ನಿಂತಿತ್ತು. ಕೊಡಲಾರೆವು ಎಂಬುದೂ ಕೊಡುವುದಿಲ್ಲ ಎಂಬುದೂ ಇಲ್ಲಿ ಬೇರ್ಪಡಿಸಲಾಗದಷ್ಟು ಬೆರೆತಿದ್ದವು.

ಹೋಲಿಕೆಯ ದೃಷ್ಟಿಯಿಂದ ಸಿದ್ದಾಪುರದ ಪರಿಸ್ಥಿತಿ ಬಾರ್ಡೋಲಿಗಿಂತ ಕಠಿಣ. ಬಾರ್ಡೋಲಿಯದು ಹತ್ತಿ, ಜೋಳದ ಹೊಲ. ಒಂದು ವರ್ಷ ಬಿತ್ತದೆ ಬಿಟ್ಟರೆ ಹೋಗುವುದು ಒಂದು ಬೆಳೆ, ಕೊಂಡವನಿಗೆ ದಕ್ಕುವುದೂ ಬರಿಯ ನೆಲ. ಅಡಿಕೆ ತೋಟ ಹಾಗಲ್ಲ. ಸಸಿ ನೆಟ್ಟು ಫಲ ಕಾಣಲು ವರ್ಷಗಳು ಬೇಕು; ಲಿಲಾವಿನಲ್ಲಿ ಹಿಡಿದವನಿಗೆ ಕಾಯಿ ಬಿಡುವ ಮರಗಳೇ ಸಿಗುತ್ತವೆ, ಜೊತೆಗೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದ ಹಕ್ಕೂ. ಇತ್ತ ಮಾಲೀಕ ಕಳೆದುಕೊಳ್ಳುವುದು ಒಂದು ತಲೆಮಾರಿನ ದುಡಿಮೆ. ಅಂದಮೇಲೆ ಕೊಳ್ಳುವ ಆಸೆ ಇಲ್ಲಿ ಹೆಚ್ಚು, ಬಹಿಷ್ಕಾರದ ಹೊರೆಯೂ ಅಷ್ಟೇ ಹೆಚ್ಚು. ಹಾಗಿದ್ದೂ ನೂರಾರು ಕುಟುಂಬಗಳು ಜಮೀನು ಬಿಟ್ಟುಕೊಟ್ಟವು.

ಜೋಗಕ್ಕೆ ಹತ್ತಿರದ ಮಾವಿನಗುಂಡಿಯಲ್ಲಿ 1932ರಲ್ಲಿ ನಡೆದ ಹೆಂಗಸರ ಸತ್ಯಾಗ್ರಹವನ್ನು ಸಾಮಾನ್ಯವಾಗಿ ವೀರಗಾಥೆಯಾಗಿ ಹೇಳುತ್ತಾರೆ. ಅದು ಈ ವಾದಕ್ಕೆ ಬಲವಾದ ಸಾಕ್ಷಿಯೂ ಹೌದು. ಗಂಡಸರಲ್ಲಿ ಹಲವರು ಜೈಲಿನಲ್ಲಿದ್ದರು. ಹೆಂಗಸರು ಉಪವಾಸ ಕೂತದ್ದು ಕಚೇರಿಯ ಮುಂದಲ್ಲ, ಠಾಣೆಯ ಮುಂದಲ್ಲ. ಜಪ್ತಿಯಾದ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆಯ ಮುಂದೆ. ಬಹಿಷ್ಕಾರ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿದ್ದ ಆ ವರ್ಷ, ಅದೇ ಗುರಿಯನ್ನು ಮುಟ್ಟಲು ಉಳಿದ ದಾರಿ ತಮ್ಮ ದೇಹವನ್ನು ಅಂಗಳದಲ್ಲಿ ಇಡುವುದು ಎಂದು ನನ್ನ ಊಹೆ. ಊರಿನ ಹೆಣ್ಣುಮಕ್ಕಳು ಅನ್ನ ಬಿಟ್ಟು ಅಂಗಳದಲ್ಲಿ ಕೂತಿರುವಾಗ ಒಳಗೆ ಊಟ ಮಾಡುವುದು ಮಲೆನಾಡಿನ ಮನೆಯಲ್ಲಿ ಯಾರಿಗೂ ಸುಲಭವಲ್ಲ. ದೂರದ ಪಟ್ಟಣದಿಂದ ಬಂದ ಕೊಳ್ಳುಗನ ಮೇಲೆ ಈ ಉಪಾಯ ನಡೆಯುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ನನ್ನ ವಾದ ಎಲ್ಲ ಕಡೆಗೂ ಹೊಂದುವುದಿಲ್ಲ. ಬಂಗಾಳದ ಮಿಡ್ನಾಪುರದಲ್ಲಿ 1930ರ ದಶಕದ ಜಗಳ ಚೌಕಿದಾರಿ ತೆರಿಗೆಯದು. ಅದು ಜಮೀನಿನ ಹಕ್ಕಿಗೆ ಸೇರಿದ್ದಲ್ಲ, ಮೊತ್ತವೂ ಸಣ್ಣದು. ಅಲ್ಲಿ ಖಾತೆ ಬದಲಾಗುವ ಪ್ರಶ್ನೆಯೇ ಇಲ್ಲ. ಊರುಗಳ ಮೇಲೆ ದಂಡದ ಪೊಲೀಸು, ಸಾಮಾನುಗಳ ನಾಶ. ಕಾಂಟಾಯ್, ತಾಮಲೂಕಿನ ಅಹಿಂಸಾತ್ಮಕ ಪ್ರತಿರೋಧದ ಪಕ್ಕದಲ್ಲೇ ಕ್ರಾಂತಿಕಾರಿಗಳು 1931, 1932, 1933ರಲ್ಲಿ ಸಾಲಾಗಿ ಮೂವರು ಜಿಲ್ಲಾ ಮ್ಯಾಜಿಸ್ಟ್ರೇಟರನ್ನು ಕೊಂದರು. ಅಲ್ಲಿ ಚಳವಳಿ ಹೇಗೆ ಕುಗ್ಗಿತು ಎಂಬುದಕ್ಕೆ ಬೇರೆ ವಿವರಣೆ ಬೇಕು.

1933ರ ಮೇ 8ರಂದು ಗಾಂಧೀಜಿ ಹರಿಜನ ಕಾರ್ಯಕ್ಕಾಗಿ ಉಪವಾಸ ಆರಂಭಿಸಿ ಬಿಡುಗಡೆಯಾದಾಗ ಕಾನೂನುಭಂಗವನ್ನು ಕೆಲವು ವಾರ ತಡೆಹಿಡಿಯಲಾಯಿತು. ವಿಯೆನ್ನಾದಲ್ಲಿದ್ದ ವಿಠಲಭಾಯಿ ಪಟೇಲ್ ಮತ್ತು ಸುಭಾಷ್ ಬೋಸ್ ಅದನ್ನು ಸೋಲಿನ ಒಪ್ಪಿಗೆ ಎಂದು ಕರೆದರು. ಜುಲೈನಲ್ಲಿ ಸಾಮೂಹಿಕ ಕಾನೂನುಭಂಗ ಹೋಗಿ ವ್ಯಕ್ತಿಗತವಾದದ್ದು ಮಾತ್ರ ಉಳಿಯಿತು. 1934ರ ಫೆಬ್ರವರಿ ಕೊನೆಯಲ್ಲಿ ಗಾಂಧೀಜಿಯ ಹರಿಜನ ಪ್ರವಾಸ ಉತ್ತರ ಕನ್ನಡದ ಮೂಲಕವೇ ಸಾಗಿತು. ಕರನಿರಾಕರಣೆಯಲ್ಲಿ ಮನೆ ಮಠ ಕಳೆದುಕೊಂಡವರ ನಾಡು ಅದು. ಏಪ್ರಿಲ್ 7ರಂದು ಅವರ ಹೇಳಿಕೆ ಬಂತು: ಇನ್ನು ಮುಂದೆ ಸ್ವರಾಜ್ಯಕ್ಕಾಗಿ ಕಾನೂನುಭಂಗ ಮಾಡುವ ಹೊಣೆ ತನ್ನೊಬ್ಬನದು. ಕೊಟ್ಟ ಕಾರಣ, ಆಶ್ರಮದ ಹಳೆಯ ಸಂಗಾತಿಯೊಬ್ಬರು ಜೈಲಿನಲ್ಲಿ ಒಪ್ಪಿಸಿದ ಕೆಲಸಕ್ಕಿಂತ ತಮ್ಮ ಸ್ವಂತ ಓದನ್ನೇ ಬಯಸಿದರು ಎಂಬುದು. ಕಲ್ಕತ್ತೆಯ ಅಲೀಪುರ ಜೈಲಿನಲ್ಲಿ ಇದನ್ನು ತಿಳಿದ ಜವಾಹರಲಾಲ ನೆಹರೂ ಎಷ್ಟು ನೊಂದರು ಎಂಬುದನ್ನು ಆತ್ಮಚರಿತ್ರೆಯಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಒಬ್ಬನ ಅಪೂರ್ಣತೆಗೆ ದೇಶದ ಚಳವಳಿ ನಿಲ್ಲಬೇಕೇ ಎಂಬ ಅವರ ಸಂಕಟ ನ್ಯಾಯವಾದದ್ದೇ.

ಆದರೆ ಕಾರಣಕ್ಕೂ ಅದನ್ನು ಹೇಳುವ ಬಗೆಗೂ ಅಂತರವಿದೆ. ಆ ಹೊತ್ತಿಗೆ ಸುಗ್ರೀವಾಜ್ಞೆ, ಜೈಲು, ಲಿಲಾವು ಮೂರೂ ಸೇರಿ ಕರನಿರಾಕರಣೆಯ ಶಕ್ತಿಯನ್ನು ಬಹುಮಟ್ಟಿಗೆ ತಿಂದುಹಾಕಿದ್ದವು. ಆಗ ನಾಯಕನೊಬ್ಬ ಜನ ಸೋತರು ಎಂದು ಹೇಳಬಹುದು, ಅಥವಾ ದೋಷವನ್ನು ತನ್ನ ಮನೆಯೊಳಗಿನ ಶಿಸ್ತಿಗೆ ಎಳೆದುಕೊಳ್ಳಬಹುದು. ಎರಡನೆಯದರಿಂದ ಸಿದ್ದಾಪುರದ ರೈತನಿಗೆ ಬಾಗಿದೆ ಎಂಬ ಕಳಂಕ ಅಂಟುವುದಿಲ್ಲ. 1922ರಲ್ಲೂ ಹೀಗೆಯೇ: ಬಾರ್ಡೋಲಿಯವರು ಹೆದರಿದರು ಎಂದು ಯಾರೂ ಹೇಳುವಂತಿರಲಿಲ್ಲ, ದೂರದ ಗೋರಖಪುರ ಕಾರಣವಾಗಿತ್ತು. ಇದರ ಬೆಲೆ ತೆತ್ತವರು ಚೌರಿಚೌರಾದವರು. ಅವರ ಹೆಸರಿಗೆ ಎಪ್ಪತ್ತು ವರ್ಷ ಬರಿಯ ಅಪವಾದವೇ ಉಳಿಯಿತು. ನೈತಿಕ ಕಾರಣ ಸುಳ್ಳಾಗಿತ್ತು ಎಂದು ನಾನು ಹೇಳುತ್ತಿಲ್ಲ, ಗಾಂಧೀಜಿ ಅದನ್ನು ನಂಬಿಯೇ ಹೇಳಿದರು. ಆ ಕಾರಣ ಒಂದು ಕೆಲಸವನ್ನೂ ಮಾಡುತ್ತಿತ್ತು, ಅದಷ್ಟೇ ನನ್ನ ಮಾತು.

ಖಾತೆಯ ಲೆಕ್ಕದಲ್ಲಿ ಚಳವಳಿ 1934ರಲ್ಲಿ ಮುಗಿಯಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ.ಜಿ. ಖೇರ್ ಮಂತ್ರಿಮಂಡಲ ಅಧಿಕಾರಕ್ಕೆ ಬಂತು, ಕಂದಾಯ ಖಾತೆ ಮೊರಾರ್ಜಿ ದೇಸಾಯಿಯವರದು. ಒಪ್ಪಂದ ಮುಗಿದ ಮಾತು ಎಂದಿದ್ದ ಮಾರಾಟಗಳನ್ನು ಈ ಸರ್ಕಾರ ಶಾಸನದ ದಾರಿಯಲ್ಲಿ ಮತ್ತೆ ತೆರೆಯಿತು. ಕೊಂಡವರಿಗೆ ಹಣ ಕೊಟ್ಟು ಜಮೀನನ್ನು ಮೂಲ ಹಿಡುವಳಿದಾರರಿಗೆ ಮರಳಿಸಿತು. ಗುಜರಾತಿನ ಹೊಲಗಳ ಹಾಗೆ ಉತ್ತರ ಕನ್ನಡದ ತೋಟಗದ್ದೆಗಳೂ ಮರಳಿದವು. ಸತ್ಯಾಗ್ರಹದಿಂದ ಸಾಧ್ಯವಾಗದ್ದು ಚುನಾವಣೆಯಿಂದ ಸಾಧ್ಯವಾಯಿತು ಎನ್ನಬಹುದೇ? ಮರಳಿಸುತ್ತೇವೆ ಎಂಬ ಭರವಸೆ ಇಲ್ಲದಿದ್ದರೆ ಈ ಜಿಲ್ಲೆಗಳಲ್ಲಿ ಕಾಂಗ್ರೆಸ್ಸಿಗೆ ಅಷ್ಟು ಮತ ಬೀಳುತ್ತಿತ್ತೇ ಎಂದೂ ಕೇಳಬೇಕು.

   

ಜಮೀನು ಮರಳಿದ್ದು ಯಾರಿಗೆ ಎಂಬುದು ಇನ್ನೊಂದು ಪ್ರಶ್ನೆ. ಕಾನೂನು ಗುರುತಿಸಿದ್ದು ಖಾತೆದಾರನನ್ನು. ಅಂಕೋಲೆ, ಕುಮಟೆಯ ಕಡೆ ಖಾತೆದಾರನ ಗದ್ದೆಯನ್ನು ಉಳುತ್ತಿದ್ದವನು ಬಹುಮಟ್ಟಿಗೆ ಗೇಣಿಯ ಒಕ್ಕಲು. ಬಾರ್ಡೋಲಿಯಲ್ಲಿ ಪಾಟೀದಾರನ ಹೊಲದಲ್ಲಿ ದುಡಿಯುತ್ತಿದ್ದವನು ಸಾಲಕ್ಕೆ ಕಟ್ಟುಬಿದ್ದ ದುಬಳಾ ಆಳು. ಕರನಿರಾಕರಣೆಯ ಬಹಿಷ್ಕಾರ ನಡೆಯಬೇಕಾದರೆ ಅವರೂ ಹೊಲಕ್ಕೆ ಇಳಿಯದಿರಬೇಕಿತ್ತು. ಚಳವಳಿ ಮುಗಿದಾಗ ಅವರ ಹೆಸರು ಯಾವ ಕಲಮಿನಲ್ಲೂ ಬರಲಿಲ್ಲ. 1922ರ ನಿರ್ಣಯ ಜಮೀನುದಾರರಿಗೆ ಕೊಟ್ಟ ಭರವಸೆಯ ಇನ್ನೊಂದು ಮುಖ ಇದು. ಉತ್ತರ ಕನ್ನಡದಲ್ಲಿ ಆ ಗೇಣಿದಾರರನ್ನು ಸಂಘಟಿಸಿದವರು ಅಂಕೋಲಾ ತಾಲೂಕಿನವರೇ ಆದ ದಿನಕರ ದೇಸಾಯಿ. ಗೇಣಿಯ ದರ, ಬಿಟ್ಟಿ ಚಾಕರಿ, ಒಡೆಯರ ವಸೂಲಿಯ ವಿರುದ್ಧ ಅವರ ರೈತಕೂಟದ ಚಳವಳಿ ಬೆಳೆಯುತ್ತಿದ್ದಂತೆ, ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಗವರ್ನರನ ಆಡಳಿತ ಬಂದಿದ್ದ 1940ರಲ್ಲಿ, ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು.